ಟಿಕೆಟ್‌ನಿಂದ ಬೆಲ್ಟ್‌ವರೆಗೆ: ದೊಡ್ಡ ವಿಮಾನ ನಿಲ್ದಾಣದಲ್ಲಿ ಸಂಖ್ಯೆಗಳನ್ನು ಓದುವ ಬಗೆ

ಒಂದು ಬೋರ್ಡಿಂಗ್ ಪಾಸ್ ಕೈಗೆ ತೆಗೆದುಕೊಂಡು ನೋಡಿ. ವಿಮಾನದ ಸಂಖ್ಯೆ, ಗೇಟ್ ಸಂಖ್ಯೆ, ಸೀಟು, ಸರದಿ ಸಂಖ್ಯೆ, ಉದ್ದನೆಯ ಟಿಕೆಟ್ ಸಂಖ್ಯೆ, ಜೊತೆಗೆ ಎರಡು ಬೇರೆ ಬೇರೆ ಸಮಯ. ಇವುಗಳಲ್ಲಿ ಕೆಲವು ಟಿಕೆಟ್ ಕೊಂಡ ದಿನವೇ ಗಟ್ಟಿಯಾಗಿರುತ್ತವೆ. ಕೆಲವು ಮಾತ್ರ ವಿಮಾನ ಹತ್ತುವ ತನಕ ಬದಲಾಗುತ್ತಲೇ ಇರುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿದಿದ್ದರೆ ನಿಲ್ದಾಣದಲ್ಲಿ ಅರ್ಧ ಗಡಿಬಿಡಿ ತಪ್ಪುತ್ತದೆ. ಸಂಖ್ಯಾಶಾಸ್ತ್ರ ನಂಬುವವರಿಗೂ ಈ ಭೇದವೇ ಮುಖ್ಯ: ಕೆಲವು ಸಂಖ್ಯೆಗಳನ್ನು ನೀವೇ ಆರಿಸಿಕೊಳ್ಳಬಹುದು, ಕೆಲವು ಬಂದಂತೆ ಬರುತ್ತವೆ, ಒಂದನ್ನು ಮಾತ್ರ ಮುಟ್ಟಲೇಬಾರದು.

ದಿನಾಂಕ ಆರಿಸುವಾಗ

ಮೊದಲು ಸಂಖ್ಯಾಶಾಸ್ತ್ರದ ಲೆಕ್ಕ. ಹುಟ್ಟಿದ ದಿನದ ಅಂಕಿಗಳನ್ನು ಒಂದೇ ಅಂಕಿ ಬರುವವರೆಗೆ ಕೂಡಿದರೆ ಸಿಗುವುದು ಮೂಲಾಂಕ. 17ರಂದು ಹುಟ್ಟಿದವರಿಗೆ 1+7=8. ದಿನ, ತಿಂಗಳು, ವರ್ಷ ಮೂರನ್ನೂ ಕೂಡಿದರೆ ಭಾಗ್ಯಾಂಕ. 23-11-1987 ಆದರೆ ಮೊತ್ತ 32, ಅಂದರೆ 5. ನಮ್ಮಲ್ಲಿ ಪ್ರಚಲಿತವಿರುವ ಪದ್ಧತಿಯಲ್ಲಿ 1 ಸೂರ್ಯ, 2 ಚಂದ್ರ, 3 ಗುರು, 4 ರಾಹು, 5 ಬುಧ, 6 ಶುಕ್ರ, 7 ಕೇತು, 8 ಶನಿ, 9 ಮಂಗಳ. ಚಲನೆ, ಪ್ರಯಾಣ, ವ್ಯವಹಾರಕ್ಕೆ ಬುಧನ 5 ಒಳ್ಳೆಯದೆಂದು ಹೇಳುತ್ತಾರೆ. ಹಾಗಾಗಿ 5, 14, 23ನೇ ತಾರೀಖುಗಳನ್ನು ಹುಡುಕುವವರು ಬಹಳ.

ಇಲ್ಲಿ ಎಡವಟ್ಟಾಗುವುದು ಮಧ್ಯರಾತ್ರಿಯ ವಿಮಾನಗಳಲ್ಲಿ. ಟಿಕೆಟ್ ಮೇಲೆ "14, 00:35" ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 13ರ ಸಂಜೆ. 14ರ ರಾತ್ರಿ ನಿಲ್ದಾಣಕ್ಕೆ ಹೋದರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನವೇ ಆಗಿರುತ್ತದೆ. ಅನುಭವಿ ಪ್ರಯಾಣಿಕರೂ ಈ ತಪ್ಪು ಮಾಡುತ್ತಾರೆ. 00:00ರಿಂದ 03:00ರೊಳಗೆ ಹೊರಡುವ ವಿಮಾನ ಬುಕ್ ಮಾಡಿದ ಕೂಡಲೇ ಫೋನಿನ ಕ್ಯಾಲೆಂಡರ್‌ನಲ್ಲಿ ಹೊರಡುವ ಗಂಟೆಯನ್ನು ಬರೆಯುವ ಬದಲು ಮನೆ ಬಿಡುವ ಗಂಟೆಯನ್ನು ಹಿಂದಿನ ದಿನದಲ್ಲಿ ಬರೆದಿಡಿ. ಶುಭ ದಿನ ನೋಡಿ ಟಿಕೆಟ್ ಕೊಳ್ಳುವವರು ಮನೆಯಿಂದ ಹೊರಡುವ ದಿನ ಬೇಕೋ, ವಿಮಾನ ಏರುವ ದಿನ ಬೇಕೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇಂಥ ವಿಮಾನದಲ್ಲಿ ಅವೆರಡೂ ಒಂದೇ ದಿನ ಬರುವುದಿಲ್ಲ.

ಟಿಕೆಟ್‌ನಲ್ಲಿರುವ ಎಲ್ಲ ಸಮಯವೂ ಆಯಾ ಊರಿನ ಸ್ಥಳೀಯ ಸಮಯ. ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಎಂದಿದ್ದರೆ ಮರುದಿನ, +2 ಎಂದಿದ್ದರೆ ಅದರ ಮರುದಿನ. ಲಾಸ್ ಏಂಜಲೀಸ್‌ನಿಂದ 10ರ ರಾತ್ರಿ ಹೊರಟು ಸಿಡ್ನಿಗೆ ಹೋಗುವವರು ಇಳಿಯುವುದು 12ರ ಬೆಳಿಗ್ಗೆ. ದಿನಾಂಕ ರೇಖೆ ದಾಟುವಾಗ 11ನೇ ತಾರೀಖು ಹೆಚ್ಚುಕಡಿಮೆ ಪೂರ್ತಿ ಮಾಯವಾಗಿರುತ್ತದೆ. ಹೋಟೆಲ್ ಬುಕ್ ಮಾಡುವಾಗ ಈ +1, +2 ನೋಡದೆ ಒಂದು ರಾತ್ರಿಯ ಬಾಡಿಗೆ ಸುಮ್ಮನೆ ಕಟ್ಟುವವರಿದ್ದಾರೆ.

ಹೆಸರಿನ ಅಕ್ಷರಗಳನ್ನು ಮುಟ್ಟಬೇಡಿ

ಸಂಖ್ಯಾಶಾಸ್ತ್ರಕ್ಕೂ ವಿಮಾನ ಪ್ರಯಾಣಕ್ಕೂ ನಿಜವಾಗಿ ಡಿಕ್ಕಿಯಾಗುವುದು ಹೆಸರಿನಲ್ಲಿ. ಕಾಲ್ಡಿಯನ್ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 8ರವರೆಗೆ ಬೆಲೆ ಕೊಡುತ್ತಾರೆ, 9ನ್ನು ಯಾವ ಅಕ್ಷರಕ್ಕೂ ಕೊಡುವುದಿಲ್ಲ. ರವಿ ಎಂಬ ಹೆಸರನ್ನು ಇಂಗ್ಲಿಷ್‌ನ ನಾಲ್ಕು ಅಕ್ಷರಗಳಲ್ಲಿ ಬರೆದರೆ ಆರ್ 2, ಎ 1, ವಿ 6, ಐ 1, ಒಟ್ಟು 10, ಅಂದರೆ 1. ಇನ್ನೊಂದು ಎ ಸೇರಿಸಿದರೆ 11, ಅಂದರೆ 2. ಹೀಗೆ ಒಂದು ಅಕ್ಷರ ಸೇರಿಸಿ ಅಥವಾ ತೆಗೆದು ನಾಮಸಂಖ್ಯೆ ಬದಲಿಸಿಕೊಂಡವರು ವಿಸಿಟಿಂಗ್ ಕಾರ್ಡ್, ಇ-ಮೇಲ್, ಅಂಗಡಿಯ ಬೋರ್ಡು ಎಲ್ಲದರಲ್ಲೂ ಹೊಸ ಕಾಗುಣಿತ ಬಳಸುತ್ತಾರೆ. ಅಭ್ಯಾಸಬಲದಿಂದ ಟಿಕೆಟ್‌ನಲ್ಲೂ ಅದನ್ನೇ ಬರೆಯುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಹಳೆಯದೇ ಉಳಿದಿರುತ್ತದೆ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆ ನಿಮ್ಮ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆಗಳನ್ನು ಅನೇಕ ದೇಶಗಳ ಗಡಿ ಅಧಿಕಾರಿಗಳಿಗೆ ಮುಂಚಿತವಾಗಿಯೇ ಕಳಿಸುತ್ತದೆ. ಹೆಸರು ಹೊಂದದಿದ್ದರೆ ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ತಡೆಹಿಡಿಯಬಹುದು. ಒಂದೆರಡು ಅಕ್ಷರದ ತಿದ್ದುಪಡಿಗೆ ಹಲವು ಸಂಸ್ಥೆಗಳು ಒಪ್ಪುತ್ತವೆ, ಆದರೆ ಅದು ಹೊರಡುವ ದಿನ ಕ್ಯೂನಲ್ಲಿ ನಿಂತು ಮಾಡಿಸುವ ಕೆಲಸವಲ್ಲ. ಎರಡು ಸಂಸ್ಥೆಗಳ ವಿಮಾನಗಳು ಒಂದೇ ಟಿಕೆಟ್‌ನಲ್ಲಿದ್ದರೆ ಇನ್ನೂ ತಡ.

ಮಾಡಬೇಕಾದದ್ದು ಇಷ್ಟು. ಪಾಸ್‌ಪೋರ್ಟ್‌ನ ಫೋಟೊ ಪುಟದ ತಳದಲ್ಲಿ 44 ಅಕ್ಷರಗಳ ಎರಡು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಮೂರಕ್ಷರದ ದೇಶದ ಸಂಕೇತವಾದ ಮೇಲೆ ಮೊದಲು ಉಪನಾಮ, ಎರಡು ಬಾಣದ ಗುರುತು, ಆಮೇಲೆ ಹೆಸರು ಇರುತ್ತದೆ. ಟಿಕೆಟ್‌ನಲ್ಲಿ ಹೆಸರನ್ನು ಆ ಸಾಲು ನೋಡಿಕೊಂಡೇ ಬರೆಯಿರಿ. ವೀಸಾದಲ್ಲೂ ಅದೇ ಕಾಗುಣಿತ ಇದೆಯೇ ನೋಡಿ. ಹೊಸ ಹೆಸರಿನಲ್ಲೇ ಪ್ರಯಾಣ ಮಾಡಬೇಕು ಎನ್ನುವವರು ಮೊದಲು ಪಾಸ್‌ಪೋರ್ಟ್ ಬದಲಿಸಿಕೊಳ್ಳಲಿ, ಆಮೇಲೆ ವೀಸಾ, ಕೊನೆಗೆ ಟಿಕೆಟ್. ಈ ಕ್ರಮ ತಿರುಗಿಸಿದರೆ ಹಣವೂ ದಿನವೂ ಹಾಳು.

ಅಂದಹಾಗೆ, ಆ ಕೆಳಗಿನ ಸಾಲಿನಲ್ಲೂ ಅಂಕಿಗಳನ್ನು ಕೂಡಿ ಒಂದಂಕಿಗೆ ಇಳಿಸುವ ಲೆಕ್ಕವೊಂದು ಇದೆ. ಪಾಸ್‌ಪೋರ್ಟ್ ಸಂಖ್ಯೆಯ ಒಂದೊಂದು ಸ್ಥಾನವನ್ನು ಕ್ರಮವಾಗಿ 7, 3, 1ರಿಂದ ಗುಣಿಸಿ, ಎಲ್ಲ ಕೂಡಿ, 10ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಸಂಖ್ಯೆಯ ಪಕ್ಕದಲ್ಲೇ ಮುದ್ರಿಸಿರುತ್ತಾರೆ. ಯಂತ್ರ ಒಂದಂಕಿ ತಪ್ಪಾಗಿ ಓದಿದರೆ ಈ ಶೇಷ ಬಹುಪಾಲು ಸಲ ಹಿಡಿದುಕೊಡುತ್ತದೆ.

ಸೀಟಿನ ಸಾಲು

ಸೀಟು ನೀವು ಆರಿಸಿಕೊಳ್ಳಬಹುದಾದ ಸಂಖ್ಯೆ. ಇಲ್ಲಿ ಇಷ್ಟದ ಅಂಕಿ ನೋಡಿಕೊಂಡರೆ ನಷ್ಟವೇನಿಲ್ಲ. ಹಾಗೆ ನೋಡುವುದರಲ್ಲಿ ವಿಮಾನ ಸಂಸ್ಥೆಗಳೂ ಹಿಂದೆ ಬಿದ್ದಿಲ್ಲ. ಲುಫ್ತಾನ್ಸಾದ ವಿಮಾನಗಳಲ್ಲಿ 13ನೇ ಸಾಲೂ ಇಲ್ಲ, 17ನೇ ಸಾಲೂ ಇಲ್ಲ. 17 ಇಟಲಿಯವರಿಗೆ ಅಶುಭ. ರೋಮನ್ ಅಂಕಿಯಲ್ಲಿ ಬರೆದ 17ರ ಅಕ್ಷರಗಳನ್ನು ಅದಲುಬದಲು ಮಾಡಿದರೆ ಲ್ಯಾಟಿನ್‌ನಲ್ಲಿ "ನಾನು ಬದುಕಿದ್ದೆ" ಎಂದಾಗುತ್ತದೆ, ಅಂದರೆ ಈಗ ಇಲ್ಲ. ಚೀನೀ, ಜಪಾನೀ, ಕೊರಿಯನ್ ಭಾಷೆಗಳಲ್ಲಿ 4ರ ಉಚ್ಚಾರ ಸಾವು ಎಂಬ ಪದಕ್ಕೆ ಹತ್ತಿರ. 8 ಚೀನೀಯರಿಗೆ ಸಮೃದ್ಧಿ. ನಮ್ಮಲ್ಲಿ ಅದೇ 8 ಶನಿಯದೆಂದು ಹಿಂಜರಿಯುತ್ತಾರೆ.

ಈ ಬಿಟ್ಟುಹೋದ ಸಾಲುಗಳಿಂದ ಒಂದು ನಿಜವಾದ ಅಪಾಯವಿದೆ. ತುರ್ತು ಬಾಗಿಲು ಎಷ್ಟು ದೂರವೆಂದು ತಿಳಿಯಲು ಸಾಲಿನ ಸಂಖ್ಯೆಗಳನ್ನು ಕಳೆಯಬೇಡಿ. 20ನೇ ಸಾಲಿನಿಂದ 11ನೇ ಸಾಲಿನ ಬಾಗಿಲಿಗೆ ಲೆಕ್ಕದಲ್ಲಿ ಒಂಬತ್ತು ಸಾಲು, 13 ಮತ್ತು 17 ಇಲ್ಲದಿದ್ದರೆ ಏಳೇ. ಬಿಸಿನೆಸ್ ಕ್ಲಾಸ್‌ನಿಂದ ಎಕಾನಮಿಗೆ ಬರುವಲ್ಲಿ ಸಂಖ್ಯೆ ಒಮ್ಮೆಲೇ ಹತ್ತಿಪ್ಪತ್ತು ಜಿಗಿಯುವುದೂ ಉಂಟು. ಕೂತ ಮೇಲೆ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಇರುವ ಸೀಟಿನ ಬೆನ್ನುಗಳನ್ನು ಕಣ್ಣಿನಿಂದಲೇ ಎಣಿಸಿ. ಹೊಗೆ ತುಂಬಿ ಕಣ್ಣು ಕಾಣದಾದಾಗ ಕೈಯಿಂದ ಮುಟ್ಟಿ ಎಣಿಸಲು ಆಗುವುದು ಅದೊಂದೇ.

ಅಕ್ಷರಗಳಲ್ಲೂ ಒಂದು ಬಿಟ್ಟುಹೋಗಿದೆ. ಇಂಗ್ಲಿಷ್‌ನ ಐ ಅಕ್ಷರ 1ರಂತೆ ಕಾಣುವುದರಿಂದ ಅದನ್ನು ಸೀಟಿಗೆ ಬಳಸುವುದಿಲ್ಲ. ಹತ್ತು ಸೀಟಿನ ಅಗಲದ ದೊಡ್ಡ ವಿಮಾನದಲ್ಲಿ ಎ, ಬಿ, ಸಿ ಒಂದು ಕಡೆ, ಡಿ, ಇ, ಎಫ್, ಜಿ ನಡುವೆ, ಎಚ್, ಜೆ, ಕೆ ಇನ್ನೊಂದು ಕಡೆ. ಎ ಮತ್ತು ಕೆ ಕಿಟಕಿ. ಸಿ, ಡಿ, ಜಿ, ಎಚ್ ಓಡಾಡುವ ದಾರಿಯ ಪಕ್ಕ. ಸಣ್ಣ ವಿಮಾನದಲ್ಲಿ ಎಫ್ ಕಿಟಕಿ, ದೊಡ್ಡದರಲ್ಲಿ ಅದೇ ಎಫ್ ನಟ್ಟನಡುವೆ. ವಿಮಾನದ ಮಾದರಿ ನೋಡದೆ ಅಕ್ಷರ ಮಾತ್ರ ನೋಡಿ ಆರಿಸಬೇಡಿ.

ವಿಮಾನದ ಸಂಖ್ಯೆ

ಸಂಸ್ಥೆಯ ಎರಡಕ್ಷರದ ಸಂಕೇತ, ಆಮೇಲೆ ಒಂದರಿಂದ ನಾಲ್ಕು ಅಂಕಿ. ಸಣ್ಣ ಸಂಖ್ಯೆಗಳನ್ನು ಹೆಮ್ಮೆಯ ಮಾರ್ಗಗಳಿಗೆ ಇಡುವುದು ವಾಡಿಕೆ, ಕ್ವಾಂಟಾಸ್ 1 ಸಿಡ್ನಿಯಿಂದ ಲಂಡನ್‌ಗೆ ಹೋಗುವ ವಿಮಾನ. ಸ್ಯಾನ್ ಫ್ರಾನ್ಸಿಸ್ಕೋ–ಬೀಜಿಂಗ್ ಮಾರ್ಗಕ್ಕೆ ಯುನೈಟೆಡ್ 888 ಎಂದೇ ಇಟ್ಟಿದೆ. 666 ಕ್ರೈಸ್ತರಲ್ಲಿ ಸೈತಾನನ ಸಂಖ್ಯೆ; ಕೋಪನ್‌ಹೇಗನ್‌ನಿಂದ ಹೆಲ್ಸಿಂಕಿಗೆ ಹೋಗುತ್ತಿದ್ದ ಫಿನ್‌ಏರ್ 666 ಎಂಬ ವಿಮಾನ 2017ರ ಅಕ್ಟೋಬರ್ 13ರ ಶುಕ್ರವಾರ ಕೊನೆಯ ಸಲ ಆ ಸಂಖ್ಯೆಯಲ್ಲಿ ಹಾರಿತು. ದೊಡ್ಡ ದುರಂತವಾದರೆ ಸಂಖ್ಯೆಯನ್ನೇ ನಿಲ್ಲಿಸುತ್ತಾರೆ. ಮಲೇಷ್ಯಾ ಏರ್‌ಲೈನ್ಸ್ 2014ರಲ್ಲಿ 370ನ್ನು ಕೈಬಿಟ್ಟಿತು.

ನಿಮಗೆ ಬೇಕಾದ ಮುಖ್ಯ ಸಂಗತಿ ಕೋಡ್‌ಶೇರ್. ಒಂದೇ ವಿಮಾನಕ್ಕೆ ಮೂರು ನಾಲ್ಕು ಸಂಸ್ಥೆಗಳು ತಮ್ಮ ತಮ್ಮ ಸಂಖ್ಯೆ ಹಚ್ಚಿ ಟಿಕೆಟ್ ಮಾರುತ್ತವೆ. ನಾಲ್ಕು ಅಂಕಿಯ ಸಂಖ್ಯೆ ಕಂಡರೆ ಅದು ಕೋಡ್‌ಶೇರ್ ಆಗಿರಲೂಬಹುದು. ಚೆಕ್-ಇನ್ ಕೌಂಟರ್, ಟರ್ಮಿನಲ್, ಬ್ಯಾಗಿನ ದೂರು, ಎಲ್ಲವೂ ಸಾಮಾನ್ಯವಾಗಿ ವಿಮಾನ ಹಾರಿಸುವ ಸಂಸ್ಥೆಯದು. ಟಿಕೆಟ್‌ನಲ್ಲಿ "ಆಪರೇಟೆಡ್ ಬೈ" ಎಂದಿರುವ ಸಾಲನ್ನು ಹುಡುಕಿ, ಆ ಸಂಸ್ಥೆಯ ವಿಮಾನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಲ್ದಾಣದ ಪರದೆಯಲ್ಲಿ ಸಂಖ್ಯೆಗಳು ಕೆಲವು ಸೆಕೆಂಡಿಗೊಮ್ಮೆ ತಿರುಗುತ್ತಿರುವಾಗ ನಿಮ್ಮದು ಕಾಣದೆ ಎದೆ ಧಸಕ್ ಎನ್ನುವುದು ಇದರಿಂದ ತಪ್ಪುತ್ತದೆ.

ಟರ್ಮಿನಲ್, ಕೌಂಟರ್, ಬ್ಯಾಗಿನ ಚೀಟಿ

ಟರ್ಮಿನಲ್ ಸಂಖ್ಯೆಗಳು ಸಾಲಾಗಿ ಇರುತ್ತವೆಂದು ನಂಬಬೇಡಿ. ಲಂಡನ್‌ನ ಹೀಥ್ರೂನಲ್ಲಿ 2015ರಲ್ಲಿ ಟರ್ಮಿನಲ್ 1 ಮುಚ್ಚಿತು, ಈಗಿರುವುದು 2, 3, 4, 5. ಅವುಗಳಲ್ಲಿ 2 ಮತ್ತು 3ರ ನಡುವೆ ನಡೆದು ಹೋಗಬಹುದು, 4 ಮತ್ತು 5ಕ್ಕೆ ರೈಲು ಅಥವಾ ಬಸ್ಸೇ ಬೇಕು. ಸಿಂಗಪುರದ ಚಾಂಗಿಯಲ್ಲಿ 1, 2, 3 ಪರಸ್ಪರ ಸ್ಕೈಟ್ರೇನ್‌ನಿಂದ ಕೂಡಿಕೊಂಡಿವೆ, 4 ಬೇರೆ, ಅಲ್ಲಿಗೆ ಶಟಲ್ ಬಸ್. ಹಾಗಾಗಿ ಟ್ಯಾಕ್ಸಿ ಹತ್ತುವ ಮೊದಲೇ ಟರ್ಮಿನಲ್ ಖಚಿತಪಡಿಸಿಕೊಳ್ಳಿ, ತಪ್ಪು ಟರ್ಮಿನಲ್‌ನಲ್ಲಿ ಇಳಿದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು ಬನ್ನಿ ಎನ್ನುವುದು ಸುಮ್ಮನೆ ಅಲ್ಲ. ಚೆಕ್-ಇನ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಕೆಲವು ಕಡೆ 75 ಅಥವಾ 90. ಗೇಟ್ ಮುಚ್ಚುವುದು 15ರಿಂದ 20 ನಿಮಿಷ ಮೊದಲು. ಬೋರ್ಡಿಂಗ್ ಪಾಸ್‌ನಲ್ಲಿ ಹೊರಡುವ ಸಮಯವೂ ಬೋರ್ಡಿಂಗ್ ಸಮಯವೂ ಎರಡೂ ಇದ್ದರೆ ನೀವು ನೆನಪಿಡಬೇಕಾದದ್ದು ಬೋರ್ಡಿಂಗ್ ಸಮಯ ಮಾತ್ರ.

ಬ್ಯಾಗಿಗೆ ಅಂಟಿಸುವ ಚೀಟಿಯ ಮೇಲೆ ಹತ್ತು ಅಂಕಿಗಳಿರುತ್ತವೆ. ಮೊದಲನೆಯದನ್ನು ಬಿಟ್ಟು ಮುಂದಿನ ಮೂರು ಸಂಸ್ಥೆಯ ಸಂಕೇತ: ಏರ್ ಇಂಡಿಯಾ 098, ಎಮಿರೇಟ್ಸ್ 176, ಲುಫ್ತಾನ್ಸಾ 220, ಸಿಂಗಪುರ ಏರ್‌ಲೈನ್ಸ್ 618. ಕೊನೆಯ ಆರು ನಿಮ್ಮ ಬ್ಯಾಗಿನದೇ ಸಂಖ್ಯೆ. ಅದೇ ಮೂರು ಅಂಕಿ ನಿಮ್ಮ 13 ಅಂಕಿಯ ಟಿಕೆಟ್ ಸಂಖ್ಯೆಯ ಆರಂಭದಲ್ಲೂ ಕಾಣುತ್ತದೆ. ಬ್ಯಾಗು ಬೆಲ್ಟಿನ ಮೇಲೆ ಸಾಗುವ ಮುನ್ನ ಚೀಟಿಯ ಮೇಲಿನ ದೊಡ್ಡ ಮೂರಕ್ಷರ ಓದಿ. ಅದು ನಿಮ್ಮ ಕೊನೆಯ ಊರಿನ ಸಂಕೇತವಾಗಿರಬೇಕು. ಮಧ್ಯದ ಊರಿನದಿದ್ದರೆ ಬ್ಯಾಗು ಅಲ್ಲೇ ಇಳಿಯುತ್ತದೆ, ಕಾರಣ ಕೇಳಿಯೇ ಮುಂದೆ ಹೋಗಿ. ಹಳೆಯ ಪ್ರಯಾಣದ ಚೀಟಿ, ಸಣ್ಣ ಬಾರ್‌ಕೋಡ್ ಸ್ಟಿಕರ್ ಎಲ್ಲ ಮನೆಯಲ್ಲೇ ಕಿತ್ತು ಬನ್ನಿ. ವಿಂಗಡಿಸುವ ಯಂತ್ರ ಹಳೆಯದನ್ನು ಓದಿಬಿಟ್ಟರೆ ಬ್ಯಾಗು ದಾರಿ ತಪ್ಪುತ್ತದೆ.

ಭದ್ರತಾ ತಪಾಸಣೆಯ ಅಂಕಿಗಳು ಕಡಿಮೆ. ದ್ರವಕ್ಕೆ 2006ರಿಂದ ಬಂದ ಮಿತಿ ಬಾಟಲಿಗೆ 100 ಮಿ.ಲೀ., ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲ. ಹೊಸ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳಲ್ಲಿ ಇದು ಸಡಿಲವಾಗಿದೆ, ಆದರೆ ವಾಪಸು ಬರುವ ನಿಲ್ದಾಣದಲ್ಲಿ ಹಾಗೇ ಇರುತ್ತದೆಂದು ಎಣಿಸಬೇಡಿ. ಬಾಟಲಿಯ ಗಾತ್ರವೇ 100 ಇರಬೇಕು, 200ರ ಬಾಟಲಿಯಲ್ಲಿ ಅರ್ಧ ಇದ್ದರೂ ಎಸೆಯುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಿದರೆ ಸಂಸ್ಥೆಯ ಅನುಮತಿ ಬೇಕು, 160 ಮೀರಿದರೆ ಒಯ್ಯುವಂತೆಯೇ ಇಲ್ಲ. ಅದರ ಮೇಲೆ ಮಿಲಿ-ಆಂಪಿಯರ್-ಅವರ್ ಮಾತ್ರ ಬರೆದಿದ್ದರೆ 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000ದ ಪವರ್ ಬ್ಯಾಂಕ್ 74 ವ್ಯಾಟ್-ಅವರ್.

ಗೇಟ್ ಎಷ್ಟು ದೂರ?

ಪಾಸ್ ಮೇಲೆ ಮುದ್ರಿಸಿದ ಗೇಟ್ ಸಂಖ್ಯೆ ಆ ಗಳಿಗೆಯ ಅಂದಾಜು ಮಾತ್ರ. ಹಿಂದಿನ ವಿಮಾನ ತಡವಾದರೆ, ನಿಲ್ಲುವ ಜಾಗ ಖಾಲಿಯಾಗದಿದ್ದರೆ ಗೇಟ್ ಬದಲಾಗುತ್ತದೆ. ಭದ್ರತಾ ತಪಾಸಣೆ ದಾಟಿದ ಕೂಡಲೇ ಒಮ್ಮೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ, ಗೇಟ್ ಕಡೆ ಹೊರಡುವ ಮುನ್ನ ಮತ್ತೊಮ್ಮೆ ಪರದೆ ನೋಡಿ. ಊರಿನ ಹೆಸರು ನೋಡಿ ಹೋಗಬೇಡಿ, ಒಂದೇ ಊರಿಗೆ ಅರ್ಧ ಗಂಟೆಯೊಳಗೆ ಎರಡು ವಿಮಾನ ಇರಬಹುದು. ವಿಮಾನ ಸಂಖ್ಯೆಯನ್ನೇ ಹೊಂದಿಸಿ ನೋಡಿ.

ಗೇಟ್‌ನಲ್ಲಿ ಅಕ್ಷರ ಹೇಳುವುದು ಕಟ್ಟಡದ ಯಾವ ತೋಳು ಎಂದು, ಅಂಕಿ ಹೇಳುವುದು ಆ ತೋಳಿನಲ್ಲಿ ಎಷ್ಟು ಮುಂದೆ ಎಂದು. ಬಹಳ ಕಡೆ ಒಂದು ಬದಿ ಬೆಸ, ಇನ್ನೊಂದು ಬದಿ ಸಮ. ಇದು ಗೊತ್ತಿದ್ದರೆ ದೂರವನ್ನು ಲೆಕ್ಕ ಹಾಕಬಹುದು. ಸಣ್ಣ ಜೆಟ್ ವಿಮಾನದ ರೆಕ್ಕೆಯ ಅಗಲ 36 ಮೀಟರ್‌ವರೆಗೆ, ಎರಡರ ನಡುವೆ 4.5 ಮೀಟರ್ ಬಿಡಬೇಕು, ಹಾಗಾಗಿ ಒಂದು ಗೇಟಿಗೆ ಸುಮಾರು 40 ಮೀಟರ್. ದೊಡ್ಡ ವಿಮಾನದ್ದು 65 ಮೀಟರ್‌ವರೆಗೆ, ಅಂತರ 7.5, ಅಂದರೆ ಗೇಟಿಗೆ 72 ಮೀಟರ್ ಹತ್ತಿರ. ನೀವು 10ನೇ ಗೇಟಿನ ಬಳಿ ಇದ್ದು 34ಕ್ಕೆ ಹೋಗಬೇಕಾದರೆ, ಸಮಸಂಖ್ಯೆಗಳ ಒಂದೇ ಬದಿಯಲ್ಲಿ ಹನ್ನೆರಡು ಗೇಟು: ದೊಡ್ಡ ವಿಮಾನಗಳ ತೋಳಾದರೆ 870 ಮೀಟರ್. ನಿಮಿಷಕ್ಕೆ 80 ಮೀಟರ್ ನಡೆದರೂ ಹನ್ನೊಂದು ನಿಮಿಷ, ಮಕ್ಕಳೂ ಸಾಮಾನೂ ಇದ್ದರೆ ಹದಿನಾರು. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿ ಕೇಳಿಕೊಳ್ಳಿ.

ಸಂಖ್ಯೆ ಹತ್ತಿರವಿದ್ದರೂ ಜಾಗ ದೂರವಿರುವುದು ಫ್ರಾಂಕ್‌ಫರ್ಟ್‌ನಲ್ಲಿ. ಅಲ್ಲಿ ಎ ಗೇಟ್‌ಗಳ ಮೇಲಿನ ಮಹಡಿಯಲ್ಲೇ ಝಡ್ ಗೇಟ್‌ಗಳಿವೆ. ಎ ಶೆಂಗೆನ್ ಒಳಗಿನ, ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಒಳಗಿನ ವಿಮಾನಗಳಿಗೆ, ಝಡ್ ಹೊರಗಿನ ದೇಶಗಳಿಗೆ. ನಡುವೆ ಪಾಸ್‌ಪೋರ್ಟ್ ತಪಾಸಣೆ. ಮೆಟ್ಟಿಲ ಲೆಕ್ಕದಲ್ಲಿ ಒಂದೇ ಮಹಡಿ, ಕ್ಯೂ ಇದ್ದರೆ ಮುಕ್ಕಾಲು ಗಂಟೆಯೂ ಆಗಬಹುದು. ಯಾವುದೇ ನಿಲ್ದಾಣದಲ್ಲಿ ಗೇಟಿನ ಅಂಕಿಯಾದ ಮೇಲೆ ಕೊನೆಯಲ್ಲಿ ಎ ಅಥವಾ ಬಿ ಸೇರಿದ್ದರೆ, ಅಥವಾ ಗೇಟ್ ಕೆಳಮಹಡಿಯಲ್ಲಿದ್ದರೆ ಬಸ್ಸಿನಲ್ಲಿ ವಿಮಾನದ ಬಳಿ ಒಯ್ಯುವ ಸಾಧ್ಯತೆ ಇದೆ. ಅಲ್ಲಿಗೆ ಹತ್ತು ನಿಮಿಷ ಮೊದಲೇ ಹೋಗಿ.

ವಿಮಾನ ಬದಲಿಸುವಾಗ

ಇಳಿದ ಕೂಡಲೇ ಜನ ಹೋಗುವ ಕಡೆ ಹೋಗಬೇಡಿ. ಬಹುಪಾಲು ಮಂದಿ ಹೊರಗೆ ಹೋಗುವವರು. ಮೇಲೆ ನೇತಾಡುವ ಬೋರ್ಡಿನಲ್ಲಿ "ಟ್ರಾನ್ಸ್‌ಫರ್" ಅಥವಾ "ಕನೆಕ್ಷನ್ಸ್" ಹುಡುಕಿ. ಹೀಥ್ರೂನಲ್ಲಿ ಅದು ನೇರಳೆ ಬಣ್ಣದ್ದು. "ಅರೈವಲ್ಸ್" ದಾರಿಯ ಎಸ್ಕಲೇಟರ್ ಒಂದು ಸಲ ಇಳಿದರೆ ಅನೇಕ ಕಡೆ ಹಿಂದಕ್ಕೆ ಬರಲು ದಾರಿಯಿಲ್ಲ, ದೇಶದೊಳಗೆ ಪ್ರವೇಶಿಸಿ, ಮತ್ತೆ ಹೊರಗಿನಿಂದ ಬರಬೇಕು. ವೀಸಾ ಇಲ್ಲದವರಿಗೆ ಅದು ದೊಡ್ಡ ತೊಂದರೆ.

ಎರಡು ವಿಮಾನವೂ ಒಂದೇ ಟಿಕೆಟ್‌ನಲ್ಲಿದ್ದರೆ ಮೊದಲನೆಯದು ತಡವಾದಾಗ ಮುಂದಿನ ವಿಮಾನ ಹುಡುಕಿಕೊಡುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆಯೆಲ್ಲ ನಿಮ್ಮದು, ನಾಲ್ಕು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಲೇಬೇಡಿ. ಅಮೆರಿಕಕ್ಕೆ ಹೋಗುವವರು ಅಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ, ಬ್ಯಾಗಿನ ಚೀಟಿ ಕೊನೆಯ ಊರಿಗೇ ಇದ್ದರೂ, ಸಾಮಾನ್ಯವಾಗಿ ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು.

ಬೆಲ್ಟಿನ ಮುಂದೆ

ಪರದೆಯಲ್ಲಿ ವಿಮಾನ ಸಂಖ್ಯೆಯ ಎದುರು ಬೆಲ್ಟಿನ ಸಂಖ್ಯೆ ಬರುತ್ತದೆ. ಬ್ಯಾಗು ಎತ್ತಿಕೊಂಡ ಮೇಲೆ ಬಣ್ಣ ನೋಡಿ ಹೊರಡದೆ ಚೀಟಿಯ ಕೊನೆಯ ಆರು ಅಂಕಿ ಚೆಕ್-ಇನ್‌ನಲ್ಲಿ ನಿಮಗೆ ಕೊಟ್ಟ ಚೀಟಿಯ ತುಂಡಿಗೆ ತಾಳೆಯಾಗುತ್ತದೆಯೇ ನೋಡಿ. ಕಪ್ಪು ಸೂಟ್‌ಕೇಸ್‌ಗಳೆಲ್ಲ ಅವಳಿಜವಳಿ.

ಬ್ಯಾಗು ಬರದಿದ್ದರೆ ಹಾಲ್ ಬಿಟ್ಟು ಹೊರಗೆ ಹೋಗುವ ಮುನ್ನವೇ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ. ಅವರು ಕೊಡುವ ವರದಿಯಲ್ಲಿ ಹತ್ತು ಸ್ಥಾನಗಳ ಸಂಖ್ಯೆ ಇರುತ್ತದೆ: ನಿಲ್ದಾಣದ ಮೂರಕ್ಷರ, ಸಂಸ್ಥೆಯ ಎರಡಕ್ಷರ, ಐದು ಅಂಕಿ. ಅದರ ಫೋಟೊ ತೆಗೆದುಕೊಳ್ಳಿ, ಇನ್ನು ಮುಂದೆ ಫೋನಿನಲ್ಲಿ ಎಲ್ಲರೂ ಕೇಳುವುದು ಆ ಸಂಖ್ಯೆಯನ್ನೇ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯಾದ ಬ್ಯಾಗಿಗೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾಗಿದ್ದ ದಿನದಿಂದ 21 ದಿನವಾದರೂ ಬಾರದಿದ್ದರೆ ಕಳೆದುಹೋದಂತೆಯೇ ಲೆಕ್ಕ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅದು ಮಿತಿಯೇ ಹೊರತು ತಾನಾಗಿ ಸಿಗುವ ಮೊತ್ತವಲ್ಲ, ಆದ್ದರಿಂದ ಬ್ಯಾಗು ಮುಚ್ಚುವ ಮುನ್ನ ಒಳಗಿನ ವಸ್ತುಗಳ ಒಂದು ಫೋಟೊ, ಬೆಲೆಬಾಳುವವುಗಳ ರಸೀದಿ ಫೋನಿನಲ್ಲಿ ಇರಲಿ.